ಬೋರಿನ ಬಿಲ್ಲಿನ ಕೊನೆಯ ಸಾಲು

ವಿಮರ್ಶೆಗೆಂದು ಎತ್ತಿಕೊಂಡಿರುವುದು ಒಂದೇ ಹಾಳೆಯ ಬರಹ. ಹತ್ತಿಕುಣಿಯ ನಮ್ಮ ಹೊಲದಲ್ಲಿ ಬೋರ್ ಹೊಡೆದ ಗಾಡಿಯವರು ಬೆಳಗಿನ ಜಾವ ಹರಿದು ಕೊಟ್ಟ ಬಿಲ್ಲು ಅದು. ಕಾರ್ಬನ್ನಿನ ನೀಲಿ ಅಕ್ಷರ, ಮೂಲೆಯಲ್ಲಿ ಗ್ರೀಸ್ ಹತ್ತಿದ ಹೆಬ್ಬೆಟ್ಟಿನ ಗುರುತು. 300 ಅಡಿವರೆಗೆ ಅಡಿಗೆ ಒಂದು ದರ, ಅಲ್ಲಿಂದ ಪ್ರತಿ ನೂರು ಅಡಿಗೂ ಏರುತ್ತ ಹೋಗುವ ದರ, ಕೇಸಿಂಗ್ ಪೈಪು 40 ಅಡಿ, ಹುಡುಗರ ಬಾಟಾ ಬೇರೆ. ಒಟ್ಟು ಆಳ 620 ಅಡಿ. ಎಷ್ಟು ಅಡಿಗೆ ಯಾವ ಕಲ್ಲು ಬಂತು, ಎಲ್ಲಿ ತೇವ ಕಂಡಿತು ಎಂದು ಬರೆಯಲು ಜಾಗವೇ ಇಲ್ಲ. ಎಲ್ಲಕ್ಕೂ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾದ ಒಂದು ಸಾಲು: ನೀರು ಬೀಳದಿದ್ದರೆ, ಬಾವಿ ಕುಸಿದರೆ ನಾವು ಜವಾಬ್ದಾರರಲ್ಲ.

ನೆಲದೊಳಗಿನ ಯಾವ ಕೆಲಸದ ಕರಾರನ್ನು ತೆಗೆದು ನೋಡಿದರೂ ಜಗಳವೆಲ್ಲ ನಿಂತಿರುವುದು ಇಂಥದೊಂದು ಸಾಲಿನ ಮೇಲೆ. ಯಾರೂ ಕಾಣದ ಕಲ್ಲು ಎದುರಾದಾಗ ಖರ್ಚು ಯಾರದು? ಮೆಟ್ರೊ ಸುರಂಗಕ್ಕೂ ಇದೇ ಪ್ರಶ್ನೆ, ಆರೂವರೆ ಇಂಚಿನ ನಮ್ಮ ಬೋರಿಗೂ ಇದೇ ಪ್ರಶ್ನೆ.

ಆ ರಾತ್ರಿಯ ಒಂದು ಗಳಿಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. 300 ಅಡಿ ದಾಟಿತ್ತು. ರಾಡ್ ಇಳಿದಂತೆಲ್ಲ ಬಾಯಿಂದ ಹಾರುವ ಪುಡಿಯನ್ನು ಹುಡುಗನೊಬ್ಬ ಬುಟ್ಟಿಯಲ್ಲಿ ಹಿಡಿದು ರಾಡಿಗೊಂದು ಗುಡ್ಡೆಯಂತೆ ಸಾಲಾಗಿ ಸುರಿಯುತ್ತಿದ್ದ. ಮೊದಲಿನವು ಕೆಂಪು, ಆಮೇಲಿನವು ಗರಸಿನ ಹಳದಿ, ಅಲ್ಲಿಂದ ಮುಂದೆ ಬೂದಿಯ ಬಣ್ಣ. ಬ್ಯಾಟರಿ ಬೆಳಕಿನಲ್ಲಿ ಅಪ್ಪ ಕೊನೆಯ ಗುಡ್ಡೆಯಿಂದ ಒಂದು ಹಿಡಿ ಎತ್ತಿ ಅಂಗೈಯಲ್ಲಿ ಉಜ್ಜಿ ನೋಡಿದರು. ಒಣಗಿದ ಹಿಟ್ಟು. ಗಾಡಿ ತಮಿಳುನಾಡಿನ ನಂಬರಿನದು, ಓಡಿಸುವವರಿಗೆ ಕನ್ನಡ ಬಾರದು. ಕೇಳಿದವನು ಊರಿನ ಏಜೆಂಟ್: "ಕಲ್ಲು ಹತ್ಯಾದ ನೋಡ್ರಿ ಕಾಕಾ. ಇನ್ನೊಂದು ನೂರು ಹೊಡೀಬೇಕೇನ್ರಿ?" ಅಪ್ಪ ಬಹಳ ಹೊತ್ತು ಸುಮ್ಮನೆ ನಿಂತು, "ಹೊಡೀರಿ" ಅಂದರು. ಈ ಪ್ರಶ್ನೆ, ಈ ಉತ್ತರ ಆ ರಾತ್ರಿ ಮೂರು ಸಲ ಆಯಿತು.

ಬಿಲ್ಲಿನ ಬಗ್ಗೆ ಮೊದಲು ನ್ಯಾಯದ ಮಾತು ಹೇಳಬೇಕು. ಇದು ಪೂರ್ತಿ ಒಂದೇ ಕಡೆಯ ಕರಾರಲ್ಲ. ಅಡಿಯ ದರ ಕಲ್ಲಿನ ಗಟ್ಟಿತನ ನೋಡಿ ಬದಲಾಗುವುದಿಲ್ಲ. ಮೆತ್ತಗಿನ ಪದರದಲ್ಲಿ ನಿಮಿಷಕ್ಕೆ ಇಳಿಯುವ ಬಿಟ್ ಗಟ್ಟಿ ಕಣಶಿಲೆಯಲ್ಲಿ ಅರ್ಧ ಗಂಟೆ ಕೂತರೂ ರೈತ ಹೆಚ್ಚಿಗೆ ಕೊಡಬೇಕಿಲ್ಲ. ಡೀಸೆಲ್ಲು, ಸವೆಯುವ ಬಿಟ್ಟು, ಸಾಲದ ಮೇಲೆ ತಂದ ಗಾಡಿಯ ಕಂತು, ಇವೆಲ್ಲ ಗಾಡಿಯ ಮಾಲೀಕನ ತಲೆಯ ಮೇಲೆ. ಅಂದರೆ ಕಲ್ಲು ಎಷ್ಟು ಗಟ್ಟಿ ಎಂಬ ಅಪಾಯ ಅವನದು. ನೀರು ಎಷ್ಟು ಆಳ, ಇದೆಯೋ ಇಲ್ಲವೋ ಎಂಬ ಅಪಾಯ ರೈತನದು. ನೀರು ಬೀಳದಿದ್ದರೆ ದುಡ್ಡಿಲ್ಲ ಎಂಬ ಕರಾರು ಕೇಳುವುದಕ್ಕೆ ಹಿತ. ಆದರೆ ಅಂಥದನ್ನು ಹೇರಿದರೆ ಗಾಡಿಯವನು ಬತ್ತಿದ ಬಾವಿಗಳ ಖರ್ಚನ್ನೆಲ್ಲ ನೀರು ಬಿದ್ದವರ ಮೇಲೆ ಹಾಕುತ್ತಾನೆ, ಇಲ್ಲವೆ ನಮ್ಮಂಥ ಕಲ್ಲುನೆಲದ ಕಡೆಗೆ ಗಾಡಿಯನ್ನೇ ತಿರುಗಿಸುವುದಿಲ್ಲ.

ದೊಡ್ಡ ಗುತ್ತಿಗೆಗಳ ಲೋಕ ಈ ಪಾಠವನ್ನು ಬಹಳ ಖರ್ಚು ಮಾಡಿ ಕಲಿತಿದೆ. ಸಲಹೆಗಾರ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ ಫಿಡಿಕ್ ಹುಟ್ಟಿದ್ದು 1913ರಲ್ಲಿ. ಅದು ಅಚ್ಚು ಹಾಕುವ ಮಾದರಿ ಕರಾರುಗಳನ್ನು ರಕ್ಷಾಪುಟದ ಬಣ್ಣದಿಂದ ಗುರುತಿಸುತ್ತಾರೆ. 1999ರ ಕೆಂಪು ಪುಸ್ತಕದ 4.12ನೇ ಕಲಮಿನ ಪ್ರಕಾರ, ಅನುಭವಿ ಗುತ್ತಿಗೆದಾರನೂ ಟೆಂಡರ್ ಹೊತ್ತಿಗೆ ಊಹಿಸಲಾಗದಿದ್ದ ನೆಲ ಎದುರಾದರೆ ಅವನಿಗೆ ಹೆಚ್ಚಿನ ಸಮಯವೂ ಖರ್ಚೂ ಸಿಗಬೇಕು. ಅದೇ ವರ್ಷದ ಬೆಳ್ಳಿ ಪುಸ್ತಕ ಇದಕ್ಕೆ ತಿರುಗಾಮುರುಗಾ: ನೆಲದ ಕಷ್ಟವೆಲ್ಲ ಗುತ್ತಿಗೆದಾರನದೇ. ಆದರೆ ಆ ಪುಸ್ತಕದ ಮುನ್ನುಡಿಯಲ್ಲೇ ಒಂದು ಎಚ್ಚರಿಕೆಯಿದೆ. ನೆಲದಡಿಯ ಕೆಲಸ ಗಣನೀಯವಾಗಿದ್ದು, ಟೆಂಡರ್ ಹಾಕುವವರು ಅದನ್ನು ಪರೀಕ್ಷಿಸಲಾಗದಿದ್ದರೆ ಈ ಮಾದರಿ ತಕ್ಕುದಲ್ಲ ಎನ್ನುತ್ತದೆ. ಇಷ್ಟು ಸ್ಪಷ್ಟವಾಗಿ ಬರೆದವರೇ ಹೇಳಿದ ಮೇಲೂ, ಸ್ಥಳವನ್ನು ನೋಡಿ ತೃಪ್ತನಾಗಿದ್ದೇನೆಂದು ಗುತ್ತಿಗೆದಾರನಿಂದ ಬರೆಸಿಕೊಳ್ಳುವ ಸಾಲು ನಮ್ಮ ದೇಶದ ಟೆಂಡರುಗಳಲ್ಲಿ ಇಂದಿಗೂ ಸಾಮಾನ್ಯ. ನೆಲದ ಮೇಲೆ ನಿಂತವನು ನೆಲದೊಳಗನ್ನು ನೋಡಿ ಹೇಗೆ ತೃಪ್ತನಾಗುತ್ತಾನೆ? ಕೋರ್ಟಿಗೆ ಹೋದರೂ ದಾರಿ ಕಿರಿದು. 1872ರ ಕರಾರು ಕಾಯ್ದೆಯ 56ನೇ ಕಲಮು ಅಸಾಧ್ಯವಾದ ಇಲ್ಲವೆ ಕಾನೂನುಬಾಹಿರವಾದ ಕರಾರನ್ನಷ್ಟೇ ರದ್ದು ಮಾಡುತ್ತದೆ. ಕೆಲಸ ದುಬಾರಿಯಾಯಿತು, ಕಷ್ಟವಾಯಿತು ಎಂಬ ಕಾರಣಕ್ಕೆ ಕರಾರಿನಿಂದ ಬಿಡುಗಡೆಯಿಲ್ಲವೆಂದು ಸುಪ್ರೀಂ ಕೋರ್ಟ್ ಅಲೋಪಿ ಪ್ರಸಾದ್ ಪ್ರಕರಣದಲ್ಲಿ 1960ರಲ್ಲೇ ಹೇಳಿದೆ. ಆದ್ದರಿಂದ ಹಂಚಿಕೆ ಏನಿದ್ದರೂ ಕೆಲಸಕ್ಕೆ ಮೊದಲೇ ಬರೆದಿರಬೇಕು.

ಬೆಂಗಳೂರಿನ ನೆಲ ನಮ್ಮ ನೆಲದ ಅಣ್ಣತಮ್ಮನೇ. ಅಲ್ಲಿಯೂ ಇಲ್ಲಿಯೂ ಹಳೆಯ ಕಣಶಿಲೆ, ಮೇಲೆ ಶಿಥಿಲವಾದ ಪದರ, ನಡುವೆ ಎಲ್ಲೆಂದರಲ್ಲಿ ಉಳಿದ ಗುಂಡುಗಳು. ನಮ್ಮ ಮೆಟ್ರೊದ ಮೊದಲ ಹಂತದಲ್ಲಿ ಚಿಕ್ಕಪೇಟೆ–ಮೆಜೆಸ್ಟಿಕ್ ನಡುವೆ ಗೋದಾವರಿ ಎಂಬ ಸುರಂಗ ಯಂತ್ರದ ಕತ್ತರಿಸುವ ತಲೆಯೇ ಹಾಳಾಗಿ ಅದು ತಿಂಗಳುಗಟ್ಟಲೆ ನೆಲದಡಿಯಲ್ಲಿ ನಿಂತುಬಿಟ್ಟಿತ್ತು. ಆ ಹಸಿರು ಮಾರ್ಗದ ಸುರಂಗದಲ್ಲಿ ಜನ ಓಡಾಡಿದ್ದು 2017ರ ಜೂನ್‌ನಲ್ಲಿ. ಯಂತ್ರದ ಮುಖದ ಒಂದು ಅರ್ಧಕ್ಕೆ ಮೆತ್ತನೆಯ ಮಣ್ಣು, ಇನ್ನೊಂದು ಅರ್ಧಕ್ಕೆ ಗಟ್ಟಿ ಬಂಡೆ ಸಿಕ್ಕರೆ ಎಂಥ ಉಕ್ಕಿನ ಹಲ್ಲೂ ಮುರಿಯುತ್ತದೆ. ಇಂಥ ನೆಲದಲ್ಲೇ ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆಯ ಮಾತು ನಡೆದಿದೆ. ಎಷ್ಟು ಕೋಟಿಯ ಯೋಜನೆ ಎಂದು ಎಲ್ಲರೂ ಕೇಳುತ್ತಾರೆ. ಕಾಣದ ಬಂಡೆಯ ಖರ್ಚು ಯಾರದೆಂದು ಕರಾರಿನಲ್ಲಿ ಏನು ಬರೆದಿದೆ ಎಂದೂ ಕೇಳಬೇಕು.

2019ರಲ್ಲಿ ಫಿಡಿಕ್, ಅಂತರರಾಷ್ಟ್ರೀಯ ಸುರಂಗ ಸಂಘದ ಜತೆಗೂಡಿ ಪಚ್ಚೆ ಪುಸ್ತಕವನ್ನು ಹೊರತಂದಿತು. ಸುರಂಗ ಕೆಲಸಕ್ಕೆಂದೇ ಬರೆದ ಕರಾರು ಇದು. ಮಾಲೀಕನೇ ಮೊದಲು ನೆಲವನ್ನು ಪರೀಕ್ಷಿಸಿ, ಇಂತಿಂಥ ಕಡೆ ಇಂತಿಂಥ ಕಲ್ಲು, ಇಷ್ಟು ನೀರು ಬರುತ್ತದೆಂದು ಒಂದು ಆಧಾರ ವರದಿ ಬರೆದಿಡುತ್ತಾನೆ. ಗುತ್ತಿಗೆದಾರ ಆ ಆಧಾರದ ಮೇಲೆ ದರವನ್ನೂ, ಪ್ರತಿಯೊಂದು ಬಗೆಯ ನೆಲದಲ್ಲಿ ದಿನಕ್ಕೆ ಎಷ್ಟು ಮೀಟರ್ ಹೋಗುತ್ತೇನೆಂಬ ವೇಗವನ್ನೂ ಕೊಡುತ್ತಾನೆ. ನಿಜವಾಗಿ ಸಿಕ್ಕ ನೆಲ ವರದಿಗಿಂತ ಕಷ್ಟದ್ದಾದರೆ ಗಡುವೂ ಹಣವೂ ಹಿಗ್ಗುತ್ತವೆ, ಸುಲಭದ್ದಾದರೆ ಗಡುವು ಕುಗ್ಗುತ್ತದೆ. ನೆಲ ಮಾಲೀಕನ ಪಾಲು. ತಾನು ಒಪ್ಪಿದ ವೇಗವನ್ನು ಕಾಯ್ದುಕೊಳ್ಳುವುದು ಗುತ್ತಿಗೆದಾರನ ಪಾಲು. ಜಗಳ ಬೆಳೆಯುವ ಮುನ್ನವೇ ಕೂತು ಬಗೆಹರಿಸಲು ಕೆಲಸದ ಮೊದಲ ದಿನದಿಂದ ಒಂದು ಮಂಡಳಿ ಇರುತ್ತದೆ.

ನನ್ನ ಮಟ್ಟಿಗೆ ಈ ವಿಷಯದಲ್ಲಿ ಬಂದ ಅತ್ಯಂತ ಪ್ರಾಮಾಣಿಕ ಬರಹ ಅದು. ಕೊರತೆಯೂ ಅಲ್ಲೇ ಇದೆ. ಆಧಾರ ವರದಿಯನ್ನು ಬರೆಯುವವನು ಮಾಲೀಕ. ಪರೀಕ್ಷೆಗೆ ದುಡ್ಡು ಉಳಿಸಿ ನಾಲ್ಕು ತೂತು ಕೊರೆದು ವರದಿ ಬರೆದರೆ, ಜಗಳ ಕಲ್ಲಿನಿಂದ ಕಾಗದಕ್ಕೆ ಸ್ಥಳಾಂತರವಾಗುತ್ತದೆ ಅಷ್ಟೆ. ಕರಾರಿನ ಬೆಲೆ ಅದರ ಹಿಂದಿನ ತಿಳಿವಳಿಕೆಯಷ್ಟೇ.

ಈ ಅಳತೆಗೋಲು ಹಿಡಿದು ಮತ್ತೆ ನಮ್ಮ ಬಿಲ್ಲಿಗೆ ಬಂದರೆ ಅದರ ನಿಜವಾದ ತಪ್ಪು ಕಾಣುತ್ತದೆ. ಕೊನೆಯ ಸಾಲು ತಪ್ಪಲ್ಲ. ನೆಲ ನಮ್ಮದು, ನೆಲದ ಬಂಜೆತನವೂ ನಮ್ಮದೇ ಎಂದು ಒಪ್ಪಬಹುದು. ತಪ್ಪಿರುವುದು ಆ ರಾತ್ರಿಯ ಪ್ರಶ್ನೆಯಲ್ಲಿ. ಇನ್ನೂ ಕೊರೆಯಬೇಕೆ ಬೇಡವೆ ಎಂಬುದನ್ನು ಕೇಳುವವನು ಅಡಿಗೆ ಇಷ್ಟೆಂದು ಎಣಿಸಿಕೊಳ್ಳುವವನ ಕಡೆಯವನು. ಉತ್ತರಿಸಬೇಕಾದವನು ಕೆಳಗೆ ಏನಿದೆ ಎಂಬುದರ ಬಗ್ಗೆ ಎಲ್ಲರಿಗಿಂತ ಕಡಿಮೆ ತಿಳಿದವನು, ಶೇಂಗಾ ಬೀಜಕ್ಕೆಂದು ತಂದ ಸಾಲವನ್ನು ಕಿಸೆಯಲ್ಲಿಟ್ಟುಕೊಂಡು ನಿಂತವನು. ಆಳ ಹೋದಷ್ಟೂ ದರ ಏರುತ್ತದೆ, ಗಟ್ಟಿ ಕಣಶಿಲೆಯಲ್ಲಿ ಆಳ ಹೋದಷ್ಟೂ ನೀರು ಹಿಡಿಯುವ ಬಿರುಕುಗಳು ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ದರ ಮತ್ತು ಭರವಸೆ ಎದುರುಬದುರು ನಡೆಯುತ್ತವೆ ಎಂಬುದನ್ನು ಆ ಹೊತ್ತಿನಲ್ಲಿ ಹೇಳುವವರು ಯಾರೂ ಅಲ್ಲಿರುವುದಿಲ್ಲ.

ತೆರೆದ ಬಾವಿ ತೋಡುವ ಕಾಲದ ಗುತ್ತೆ ಈ ಒಂದು ವಿಷಯದಲ್ಲಿ ಮೇಲಿತ್ತು. ನಮ್ಮ ಅಜ್ಜ ತೋಡಿಸಿದ ಬಾವಿಯ ಲೆಕ್ಕ ಅಗೆದ ಗಾತ್ರದ್ದು, ಬ್ರಾಸಿನದು: ಮಣ್ಣಿಗೆ ಒಂದು ದರ, ಗರಸಿಗೆ ಒಂದು, ಮದ್ದು ಹಾಕಿ ಒಡೆಯುವ ಕಲ್ಲಿಗೆ ಇನ್ನೊಂದು. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲೂ ಅಗೆತಕ್ಕೆ ಹೀಗೆಯೇ ವರ್ಗಗಳಿವೆ. ಪದರ ಬದಲಾದಾಗ ಒಡ್ಡರ ಮೇಸ್ತ್ರಿಯೂ ಅಜ್ಜನೂ ಇಬ್ಬರೂ ಬಾವಿಗಿಳಿದು ಹಗ್ಗ ಹಿಡಿದು ಅಳೆಯುತ್ತಿದ್ದರಂತೆ. ಕಲ್ಲನ್ನು ಇಬ್ಬರೂ ಕಣ್ಣಾರೆ ಕಂಡ ಮೇಲೆ ದರ. ಪಚ್ಚೆ ಪುಸ್ತಕ ಇಷ್ಟು ಪುಟಗಳಲ್ಲಿ ಹೇಳುವುದರ ಬೀಜ ಅದೇ.

ಬೋರಿನಲ್ಲಿ ಇಳಿದು ನೋಡಲಾಗದು. ಅಷ್ಟೇ ಅಲ್ಲ, ರೈತನಿಗೆ ಪರೀಕ್ಷೆಯ ತೂತೂ ಕೆಲಸದ ತೂತೂ ಒಂದೇ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಹುಡುಕಿದ ಪರಮಾಣು ಖನಿಜ ನಿರ್ದೇಶನಾಲಯ ಒಂದರ ಪಕ್ಕ ಒಂದು ಕೊರೆದು, ಭೀಮಾ ಪ್ರದೇಶದ ಸುಣ್ಣಕಲ್ಲು ಎಲ್ಲಿ ಮುಗಿಯುತ್ತದೆ, ಅಡಿಯ ಕಣಶಿಲೆ ಎಲ್ಲಿ ತಲೆಯೆತ್ತುತ್ತದೆ, ಗೋಗಿ–ಕುರ್ಲಗೆರೆ ಸ್ತರಭಂಗ ಹೇಗೆ ಹಾದುಹೋಗುತ್ತದೆ ಎಂದು ಗುರುತಿಸಿತು. ಒಂದೊಂದು ತೂತಿನ ವಿವರವೂ ಕಡತದಲ್ಲಿ ಉಳಿಯಿತು. ಹತ್ತಿಕುಣಿಯಲ್ಲಿಯೂ ತೂತುಗಳಿಗೆ ಕಡಿಮೆಯಿಲ್ಲ. ಜಲಾಶಯದ ಕಾಲುವೆ ಮುಟ್ಟದ ಎತ್ತರದ ಹೊಲಗಳಲ್ಲಿ ಮನೆಗೆ ಎರಡು ಮೂರು ಬತ್ತಿದ ಬಾವಿ ಸಿಗುತ್ತವೆ. ಪ್ರತಿಯೊಂದಕ್ಕೂ ಒಬ್ಬೊಬ್ಬರು ಸಾಲ ಮಾಡಿ ದುಡ್ಡು ಕೊಟ್ಟಿದ್ದಾರೆ. ಆ ದುಡ್ಡಿಗೆ ನೀರು ಸಿಗದಿದ್ದರೂ ತಿಳಿವಳಿಕೆ ಸಿಕ್ಕಿತ್ತು. ಅದು ಪುಡಿಯ ಗುಡ್ಡೆಗಳ ರೂಪದಲ್ಲಿ ಒಂದು ರಾತ್ರಿ ಹೊಲದಲ್ಲಿದ್ದು ಮರುದಿನದ ಗಾಳಿಗೆ ಹಾರಿಹೋಯಿತು.

2011ರ ಕರ್ನಾಟಕ ಅಂತರ್ಜಲ ಕಾಯ್ದೆ ಬಾವಿ ಕೊರೆಯುವ ಯಂತ್ರಗಳ ನೋಂದಣಿಯನ್ನು ತಂದಿದೆ. ಗಂಗಾ ಕಲ್ಯಾಣ ಯೋಜನೆಯಲ್ಲಿ ಸರ್ಕಾರದ ನಿಗಮಗಳೇ ಸಣ್ಣ ರೈತರಿಗೆ ಬೋರ್ ಹೊಡೆಸಿಕೊಡುತ್ತವೆ. ಇವೆರಡರಲ್ಲಿ ಯಾವುದರ ಮೂಲಕವಾದರೂ ಒಂದು ಸಣ್ಣ ನಿಯಮ ಬಂದರೆ ಸಾಕು: ರಾಡಿಗೊಂದು ಸಾಲಿನಂತೆ ಯಾವ ಆಳದಲ್ಲಿ ಯಾವ ಬಣ್ಣದ ಪುಡಿ, ಎಲ್ಲಿ ತೇವ, ಎಲ್ಲಿ ಬಿಟ್ ದಿಢೀರನೆ ಇಳಿಯಿತು ಎಂದು ಬರೆಯದ ಬಿಲ್ಲಿಗೆ ದುಡ್ಡಿಲ್ಲ. ಬರೆದ ಹಾಳೆಯ ಒಂದು ಪ್ರತಿ ಗ್ರಾಮ ಪಂಚಾಯಿತಿಗೆ. ಹತ್ತು ವರ್ಷದಲ್ಲಿ ಅದೇ ಹತ್ತಿಕುಣಿಯ ಆಧಾರ ವರದಿಯಾಗುತ್ತದೆ. ಇಷ್ಟು ಅಡಿಯಾಚೆ ಕೊರೆಯುವುದು ವ್ಯರ್ಥ ಎಂದು ರೈತನೂ ಗಾಡಿಯವನೂ ಮೊದಲೇ ಒಪ್ಪಿ ಗೆರೆ ಹಾಕಿಕೊಳ್ಳಬಹುದು. ಗೆರೆ ದಾಟಿ ಹೋದರೆ ದರ ಏರುವ ಬದಲು ಇಳಿಯಲಿ, ನಷ್ಟದಲ್ಲಿ ಇಬ್ಬರಿಗೂ ಪಾಲಿರಲಿ. ಆಗ "ಇನ್ನೊಂದು ನೂರು ಹೊಡೀಬೇಕೇನ್ರಿ" ಎಂಬ ಮಾತನ್ನು ಕೇಳುವವನೂ ಒಂದು ಸಲ ಯೋಚಿಸಿ ಕೇಳುತ್ತಾನೆ. ಕೊರೆಯುವ ಹ್ಯಾಮರ್ ಬೋರಿನೊಳಗೆ ಸಿಕ್ಕಿಕೊಂಡರೆ ಯಾರ ಹೊಣೆ ಎಂಬುದನ್ನೂ ಬರೆದಿಡಬೇಕು. ನಮ್ಮ ಬಿಲ್ಲು ಅದರ ಬಗ್ಗೆ ಬಾಯಿ ಬಿಡುವುದಿಲ್ಲ, ಊರಲ್ಲಿ ಅತಿ ಹೆಚ್ಚು ಬೈದಾಟ ನಡೆಯುವುದು ಅದರ ಮೇಲೆಯೇ.

ಕಳೆದ ಬೇಸಿಗೆಯಲ್ಲಿ ಬದುವಿನಾಚೆಯ ಹೊಲದವರು ಬೋರ್ ಹೊಡೆಸಬೇಕೆಂದು ನಮ್ಮ ಮನೆಗೆ ಬಂದು, ನಿಮ್ಮದರಲ್ಲಿ ಎಷ್ಟಕ್ಕೆ ಏನು ಬಂದಿತ್ತು ಎಂದು ಕೇಳಿದರು. ಅಪ್ಪ ಟ್ರಂಕಿನಿಂದ ಈ ಬಿಲ್ಲನ್ನು ತೆಗೆದು ಕೊಟ್ಟರು. ಅದರಲ್ಲಿದ್ದದ್ದು ಅಡಿ ಮತ್ತು ರೂಪಾಯಿ. ಅವರು 580 ಅಡಿ ಹೋಗಿ ನಿಲ್ಲಿಸಿದರು, ನೀರು ಬೀಳಲಿಲ್ಲ. ಈ ವರ್ಷ ಬೋರ್ ಹೊಡೆಸುವವರಲ್ಲಿ ನನ್ನ ಬೇಡಿಕೆ ಇಷ್ಟೆ: ಗಾಡಿ ಹೊಲಕ್ಕೆ ಬಂದ ರಾತ್ರಿ ಒಂದು ನೋಟ್‌ಬುಕ್ಕು, ಒಂದು ಪೆನ್ನು, ಓದುಬರಹ ಬಲ್ಲ ಮನೆಯ ಒಂದು ಮಗುವನ್ನು ಆ ಪುಡಿಯ ಗುಡ್ಡೆಗಳ ಪಕ್ಕ ಕೂರಿಸಿ.