ಇಳಿಜಾರಿನಲ್ಲಿ ಎಚ್‌ಪಿ ಲೆಕ್ಕಕ್ಕಿಲ್ಲ

ಈ ವಾರ ರೋಟವೇಟರ್ ಬ್ಲೇಡುಗಳ ಸವೆತದ ಬಗ್ಗೆ ಬರೆಯುವುದಾಗಿ ಹೇಳಿದ್ದೆ. ಅದು ಮುಂದಕ್ಕೆ ಹೋಗಲಿ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ನೆಲೆಸಿರುವ ಮಲೆನಾಡಿನ ಓದುಗರೊಬ್ಬರು ಕೇಳಿರುವ ಪ್ರಶ್ನೆ ಅದಕ್ಕಿಂತ ಜರೂರಿನದು. ಗುಡ್ಡದ ಮೇಲೆ ಮನೆ. ಸುತ್ತ ನಾಲ್ಕೆಕರೆ ಹುಲ್ಲುನೆಲ, ಅದರಲ್ಲಿ ಅರ್ಧದಷ್ಟು ಕಡಿದಾದ ಓರೆ. ಊರಿನ ರಸ್ತೆಯಿಂದ ಮನೆಯಂಗಳಕ್ಕೆ ಏರುವ ಜಲ್ಲಿ ದಾರಿ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸಬೇಕು, ಚಳಿಗಾಲದಲ್ಲಿ ದಾರಿಯ ಹಿಮ ತೆಗೆಯಬೇಕು. ಎರಡಕ್ಕೂ ಒಂದೇ ಸಣ್ಣ ಟ್ರ್ಯಾಕ್ಟರ್ ಕೊಳ್ಳುವುದಾದರೆ 18 ಎಚ್‌ಪಿಯದು ಸಾಕೋ, 25ರದ್ದೇ ಬೇಕೋ ಎಂದು ಕೇಳಿದ್ದಾರೆ.

ಎಚ್‌ಪಿಯಿಂದ ಶುರುವಾಗುವ ಈ ಬಗೆಯ ಪ್ರಶ್ನೆಗೂ ನನಗೂ ಇರುವ ಹಳೆಯ ಜಗಳ ಅಂಕಣದ ಕಾಯಂ ಓದುಗರಿಗೆ ಗೊತ್ತು. ಮಂಡ್ಯದ ಬಯಲಿನಲ್ಲಿ ಕಬ್ಬಿನ ಲೋಡು ಎಳೆಯುವವರಿಗೆ ಎಚ್‌ಪಿಯ ಮಾತು ಸಲ್ಲುತ್ತದೆ. ಹುಲ್ಲು ಕತ್ತರಿಸಲು ಹೊರಟವರಿಗೆ ಅದರಿಂದ ಏನೂ ಆಗಬೇಕಾಗಿಲ್ಲ. 54ರಿಂದ 60 ಇಂಚಿನ ಕತ್ತರಿಸುವ ಡೆಕ್ಕಿಗೆ 25 ಎಚ್‌ಪಿ ಒಳಗಿನ ಡೀಸೆಲ್ ಎಂಜಿನ್ ಧಾರಾಳವಾಗಿ ಸಾಕು. ಅದಕ್ಕಿಂತ ಹೆಚ್ಚಿನ ಶಕ್ತಿ ಬೇಕೆಂದರೆ ಸಾಮಾನ್ಯವಾಗಿ ಎತ್ತರದ, ಭಾರದ ಟ್ರ್ಯಾಕ್ಟರನ್ನೇ ಕೊಳ್ಳಬೇಕಾಗುತ್ತದೆ. ಓರೆ ನೆಲದಲ್ಲಿ ಆ ಎತ್ತರವೇ ಅಪಾಯ.

ಟ್ರ್ಯಾಕ್ಟರ್ ಯಾಕೆ ಪಲ್ಟಿಯಾಗುತ್ತದೆ ಎಂಬುದನ್ನು ಷೋರೂಮಿನಲ್ಲಿ ವಿವರಿಸಿ ಹೇಳುವವರು ಅಪರೂಪ. ನಾಲ್ಕು ಗಾಲಿಯ ಮೇಲೆ ನಿಂತಿದೆ, ನಾಲ್ಕು ಮೂಲೆಯಲ್ಲೂ ಆಧಾರವಿದೆ ಎಂದು ನಮ್ಮ ಕಣ್ಣು ನಂಬುತ್ತದೆ. ಆದರೆ ಮುಂದಿನ ಆಕ್ಸಲ್ ನಟ್ಟನಡುವೆ ಒಂದು ಪಿನ್ನಿನ ಮೇಲೆ ತೂಗಾಡುವಂತೆ ಕೂತಿರುತ್ತದೆ. ನೆಲದ ಏರುತಗ್ಗಿಗೆ ಮುಂದಿನ ಗಾಲಿಗಳು ಹೊಂದಿಕೊಳ್ಳಲಿ ಎಂದು ಈ ಏರ್ಪಾಡು. ಹಾಗಾಗಿ ಟ್ರ್ಯಾಕ್ಟರ್ ಪಕ್ಕಕ್ಕೆ ವಾಲಲು ತೊಡಗಿದಾಗ ಮುಂದಿನ ಗಾಲಿಗಳು ತಡೆಯುವುದಿಲ್ಲ. ಆಕ್ಸಲ್ ತನ್ನ ತೂಗಾಟದ ಮಿತಿ ಮುಟ್ಟಿದ ಮೇಲಷ್ಟೇ ಅವು ಕೆಲಸಕ್ಕೆ ಬರುತ್ತವೆ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ನಿಜವಾದ ಆಧಾರ ಮೂರೇ ಕಡೆ: ಹಿಂದಿನ ಎರಡು ಗಾಲಿ, ಮುಂದಿನ ಆ ಪಿನ್ನು. ಈ ತ್ರಿಕೋನ ಮುಂದಕ್ಕೆ ಹೋದಂತೆಲ್ಲ ಕಿರಿದಾಗುತ್ತದೆ. ಮುಂದೆ ಲೋಡರ್ ಕೂರಿಸಿ, ಅದರ ಬಕೆಟ್ಟನ್ನು ತುಂಬಿ ಮೇಲೆತ್ತಿದರೆ ತೂಕವೆಲ್ಲ ಆ ಕಿರಿದಾದ ತುದಿಗೆ ಸರಿಯುತ್ತದೆ, ಜೊತೆಗೆ ಎತ್ತರಕ್ಕೂ ಏರುತ್ತದೆ. ಮೇಲ್ಬದಿಯ ಹಿಂದಿನ ಗಾಲಿ ಒಂದು ಕಲ್ಲು ಹತ್ತಿತು, ಕೆಳಬದಿಯದು ಹೆಗ್ಗಣದ ಬಿಲಕ್ಕಿಳಿಯಿತು ಎಂದರೆ ಮುಗಿಯಿತು, ಅಲ್ಲಿ ಎಂಜಿನ್ನಿಗೆ ಎಷ್ಟು ಎಚ್‌ಪಿ ಇದ್ದರೇನು?

ಆದ್ದರಿಂದ ಯಂತ್ರದ ಕ್ಯಾಟಲಾಗು ತೆರೆಯುವ ಮೊದಲು ನೆಲ ಅಳೆಯಬೇಕು. 10 ಅಡಿ ಉದ್ದದ ನೇರ ಕೋಲಿನ ಒಂದು ತುದಿಯನ್ನು ಇಳಿಜಾರಿನ ಮೇಲ್ಬದಿಗೆ ಊರಿ, ರಸಮಟ್ಟ ಇಟ್ಟು ಕೋಲನ್ನು ಸಮವಾಗಿ ಹಿಡಿಯಿರಿ. ಇನ್ನೊಂದು ತುದಿಯಿಂದ ನೆಲಕ್ಕೆ ಟೇಪು ಬಿಡಿ. 2 ಅಡಿ 8 ಇಂಚು ಬಂದರೆ ಅದು 15 ಡಿಗ್ರಿ. ಕೂತು ಓಡಿಸುವ ಹುಲ್ಲು ಯಂತ್ರಗಳ ಎಷ್ಟೋ ಕೈಪಿಡಿಗಳು ಇದಕ್ಕಿಂತ ಕಡಿದಾದ ಜಾಗಕ್ಕೆ ಹೋಗಬೇಡಿ ಎನ್ನುತ್ತವೆ. ಅದೂ ಒಣ ನೆಲದ ಮಾತು. ಬೆಳಗಿನ ಇಬ್ಬನಿಯ ಹುಲ್ಲಿನ ಮೇಲೆ ಟಯರು ಅದಕ್ಕೂ ಮೊದಲೇ ಹಿಡಿತ ಬಿಡುತ್ತದೆ.

ಈಚೆಗೆ ಅಮೆರಿಕದ ಅಂಗಳಗಳಲ್ಲೆಲ್ಲ ನಿಂತಲ್ಲೇ ತಿರುಗುವ ಝೀರೋ-ಟರ್ನ್ ಹುಲ್ಲು ಯಂತ್ರಗಳು ತುಂಬಿಕೊಂಡಿವೆ. ಸಮತಟ್ಟಾದ ಹುಲ್ಲುಹಾಸಿಗೆ ಅವು ಚೆನ್ನ, ವೇಗವೂ ಹೌದು. ಆದರೆ ಅವುಗಳ ಮುಂದಿನ ಗಾಲಿಗಳು ತಮ್ಮಷ್ಟಕ್ಕೆ ತಿರುಗುವ ಕ್ಯಾಸ್ಟರ್‌ಗಳು. ತಿರುಗಿಸುವುದು, ನಿಲ್ಲಿಸುವುದು ಎರಡೂ ಹಿಂದಿನ ಗಾಲಿಗಳ ಹಿಡಿತದಿಂದಲೇ ಆಗಬೇಕು. ಇಳಿಜಾರಿನಲ್ಲಿ ಹಿಂದಿನ ಗಾಲಿ ಜಾರಿತೆಂದರೆ ಸ್ಟೀರಿಂಗೂ ಹೋಯಿತು, ಬ್ರೇಕೂ ಹೋಯಿತು. ಗುಡ್ಡದ ಮನೆಯವರಿಗೆ ಅದನ್ನು ಮಾರುವುದೇ ತಪ್ಪು ಎಂದು ನಾನು ಹಿಂದೆಯೂ ಬರೆದಿದ್ದೇನೆ, ಈಗಲೂ ಅದೇ ಮಾತು.

ಇಷ್ಟಾಗಿಯೂ ಟ್ರ್ಯಾಕ್ಟರ್ ಪಲ್ಟಿಯಾದರೆ ಓಡಿಸುವವರನ್ನು ಕಾಯುವುದು ಕಮಾನು. ಹೊಸ ಟ್ರ್ಯಾಕ್ಟರುಗಳಿಗೆ ಸ್ವೀಡನ್ ಅದನ್ನು 1959ರಲ್ಲೇ ಕಡ್ಡಾಯ ಮಾಡಿತು. ಪಲ್ಟಿಯಾಗಿ ಸಾಯುವವರ ಸಂಖ್ಯೆ ಅಲ್ಲಿ ಇಳಿದುಬಂತು. ಅಮೆರಿಕದ ತಯಾರಕರು 20 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಅದನ್ನು ತಾವಾಗಿ ಕೂರಿಸಲು ಒಪ್ಪಿದ್ದು 1985ರಲ್ಲಿ. ಅಗ್ಗಕ್ಕೆ ಸಿಗುತ್ತದೆಂದು ಅದಕ್ಕೂ ಹಳೆಯ ಟ್ರ್ಯಾಕ್ಟರ್ ತರುವುದಾದರೆ ಮೊದಲು ಕಮಾನು ಹಾಕಿಸಿ. ಕಮಾನು ಎತ್ತಿ ನಿಲ್ಲಿಸಿದಾಗ ಸೀಟ್‌ಬೆಲ್ಟ್ ಕಟ್ಟಲೇಬೇಕು. ಮಡಚಿದ್ದರೆ ಕಟ್ಟಬಾರದು, ಪಲ್ಟಿಯಾದಾಗ ಬೆಲ್ಟೇ ನಮ್ಮನ್ನು ಯಂತ್ರದಡಿ ಹಿಡಿದಿಡುತ್ತದೆ. ಮರದ ಕೊಂಬೆ ತಾಗುತ್ತದೆಂದು ಕಮಾನು ಮಡಚಿ, ಆಮೇಲೆ ಎತ್ತಲು ಮರೆಯುವವರು ಬಹಳ.

ಓದುಗರ ಪ್ರಶ್ನೆಗೆ ಇಷ್ಟು ಉತ್ತರ ಕೊಟ್ಟು ನಿಲ್ಲಿಸಬಹುದಿತ್ತು. ಆದರೆ ಅವರ ಎರಡೆಕರೆ ಓರೆ ನನ್ನನ್ನು ಬಿಡುತ್ತಿಲ್ಲ. ಆ ಜಾಗ ಕೂತು ಓಡಿಸುವ ಯಂತ್ರದ್ದೇ ಅಲ್ಲ, ನಡೆದು ಓಡಿಸುವ ಯಂತ್ರದ್ದು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿ ಜೊತೆಗೂಡಿ ತಂದ ಟಿಲ್ಲರನ್ನು ನೋಡಿಯೇ ಅವರು ಬೆಳೆದಿರುತ್ತಾರೆ. ಎರಡೇ ಗಾಲಿ, ಮೇಲೆ ಕೂರುವವರಿಲ್ಲ, ತೂಕವೆಲ್ಲ ನೆಲದ ಹತ್ತಿರ.

ಈ ವಂಶದಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯದು ಗ್ರೇವ್ಲಿ. ವೆಸ್ಟ್ ವರ್ಜೀನಿಯಾದ ಡನ್‌ಬಾರ್ ಎಂಬ ಊರಿನಲ್ಲಿದ್ದ ಬೆಂಜಮಿನ್ ಗ್ರೇವ್ಲಿ ವೃತ್ತಿಯಿಂದ ಛಾಯಾಗ್ರಾಹಕ. ಕೈಯಲ್ಲಿ ತಳ್ಳುವ ನೇಗಿಲಿಗೆ ಹಳೆಯ ಇಂಡಿಯನ್ ಮೋಟರ್‌ಸೈಕಲ್ಲಿನ ಭಾಗಗಳನ್ನು ಜೋಡಿಸಿ ‘ಮೋಟರ್ ಪ್ಲೌ’ ಮಾಡಿದ, 1916ರಲ್ಲಿ ಪೇಟೆಂಟ್ ಪಡೆದ. ಆಮೇಲೆ ಬಂದ ಎರಡು ಗಾಲಿಯ ಮಾಡೆಲ್ ಎಲ್ ಯಂತ್ರ ನನ್ನ ಪಾಲಿಗೆ ಒಂದು ಕ್ಲಾಸಿಕ್. ಅದರಲ್ಲಿ ಜಾರುವ, ಹರಿಯುವ ಬೆಲ್ಟು ಇಲ್ಲ. ಎಂಜಿನ್ನಿನಿಂದ ಗಾಲಿಗೂ, ಗಾಲಿಯ ಮುಂದಿರುವ ಉಪಕರಣಕ್ಕೂ ಶಕ್ತಿ ಹೋಗುವುದು ಎಣ್ಣೆಯಲ್ಲಿ ಮುಳುಗಿದ ಗೇರುಗಳ ಮೂಲಕ. ಬೇಸಿಗೆಯಲ್ಲಿ ಮುಂದೆ ಹುಲ್ಲಿನ ಬ್ಲೇಡು, ಚಳಿಗಾಲದಲ್ಲಿ ಅದನ್ನು ಬಿಚ್ಚಿ ಅದೇ ಮೂತಿಗೆ ಹಿಮ ಎಸೆಯುವ ಬ್ಲೋವರ್. ಉಪಕರಣ ಮುಂದಿರುವುದರಿಂದ ಕತ್ತರಿಸದ ಹುಲ್ಲನ್ನು ಗಾಲಿ ತುಳಿಯುವುದಿಲ್ಲ, ಕತ್ತು ಹೊರಳಿಸಿ ಹಿಂದೆ ನೋಡಬೇಕಾಗಿಯೂ ಇಲ್ಲ. ನಮ್ಮ ಓದುಗರು ಕೇಳುತ್ತಿರುವ ಎರಡೂ ಕೆಲಸವನ್ನು ಒಬ್ಬ ಛಾಯಾಗ್ರಾಹಕ ಕಟ್ಟಿದ ಕಂಪನಿ ಅಷ್ಟು ಹಿಂದೆಯೇ ಒಂದೇ ಯಂತ್ರದಲ್ಲಿ ಮಾಡಿ ತೋರಿಸಿತ್ತು. 1982ರಲ್ಲಿ ಅದನ್ನು ಏರಿಯನ್ಸ್ ಕಂಪನಿ ಕೊಂಡಿತು. ಹಳೆಯ ಗ್ರೇವ್ಲಿಗಳನ್ನು ಜತನದಿಂದ ಓಡಿಸುವವರು ಇನ್ನೂ ಇದ್ದಾರೆ.

ಇಷ್ಟು ಪ್ರೀತಿಯಿದ್ದರೂ ಕಡಿದಾದ ಓರೆಗೆ ಹಳೆಯ ಗ್ರೇವ್ಲಿ ಕೊಳ್ಳಿ ಎನ್ನಲಾರೆ. ಕೈ ಬಿಟ್ಟೊಡನೆ ಯಂತ್ರ ನಿಲ್ಲಿಸುವ ಲಿವರ್ ಆ ಕಾಲದ್ದರಲ್ಲಿ ಇಲ್ಲ. ಕಾಲು ಜಾರಿದರೆ ಯಂತ್ರ ನಡೆಯುತ್ತಲೇ ಇರುತ್ತದೆ. ಇವತ್ತಿನ ಆಯ್ಕೆ ಇಟಲಿಯ ಬಿಸಿಎಸ್ ಕಂಪನಿಯ ಯಂತ್ರ. ಆಲ್ಪ್ಸ್ ಬೆಟ್ಟದ ಹುಲ್ಲುಗಾವಲಿನ ರೈತರು ಓರೆಯಲ್ಲಿ ಹುಲ್ಲು ಕೊಯ್ಯಲು ಇಂಥ ಎರಡು ಗಾಲಿಯ ಯಂತ್ರಗಳನ್ನು ಬಳಸುತ್ತಾರೆ. ಹ್ಯಾಂಡಲನ್ನು ಪೂರ್ತಿ ಹಿಂದುಮುಂದು ತಿರುಗಿಸಿಕೊಳ್ಳಬಹುದು. ಎರಡೂ ಗಾಲಿ ಒಟ್ಟಿಗೇ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ ಇರುವ ಮಾದರಿಯನ್ನೇ ಆರಿಸಿ, ಗಾಲಿಗಳ ಅಂತರ ಹಿಗ್ಗಿಸಿಕೊಳ್ಳಿ. ಕತ್ತರಿಸುವಾಗ ಅಡ್ಡಕ್ಕೆ ನಡೆಯಬೇಕು. ಕೂತು ಓಡಿಸುವ ಯಂತ್ರವನ್ನು ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಿಸಬೇಕು, ಅಡ್ಡಕ್ಕೆ ಹೋದರೆ ಮಗುಚುತ್ತದೆ. ನಡೆದು ಓಡಿಸುವುದಕ್ಕೆ ನಿಯಮ ತಿರುಗುಮುರುಗು, ಅದನ್ನು ಮೇಲೆ ಕೆಳಗೆ ಓಡಿಸಿದರೆ ಜಾರಿದ ಕಾಲು ನೇರ ಬ್ಲೇಡಿನಡಿಗೆ ಹೋಗುತ್ತದೆ.

ಉಳಿದ ಸಮತಟ್ಟಾದ ಹುಲ್ಲಿಗೂ ಜಲ್ಲಿ ದಾರಿಗೂ ಸಣ್ಣ ಟ್ರ್ಯಾಕ್ಟರ್ ಇರಲಿ, ನನ್ನ ಅಡ್ಡಿಯಿಲ್ಲ. ಆದರೆ ನಾಲ್ಕೂ ಗಾಲಿಗೆ ಡ್ರೈವ್ ಇರಲೇಬೇಕು, ಅದು ಏರುವುದಕ್ಕಿಂತ ಇಳಿಯುವಾಗ ಹೆಚ್ಚು ಮುಖ್ಯ. ಸಾಮಾನ್ಯವಾಗಿ ಬ್ರೇಕು ಹಿಂದಿನ ಗಾಲಿಗಷ್ಟೇ ಇರುತ್ತದೆ. ಮುಂದೆ ಭಾರವಿದ್ದು ಇಳಿಯುವಾಗ ಹಿಂಭಾಗ ಹಗುರಾಗಿ ಗಾಲಿ ಜಾರುತ್ತದೆ. ನಾಲ್ಕು ಗಾಲಿ ಡ್ರೈವ್ ಹಾಕಿದ್ದರೆ ಮುಂದಿನ ಗಾಲಿಗಳೂ ತಡೆಯುತ್ತವೆ. ಹಿಮ ತೆಗೆಯುವಾಗ ಹಿಂದೆ ಮುಂದೆ ಓಡಾಟ ಬಹಳ, ಅದಕ್ಕೆ ಕ್ಲಚ್ ಒತ್ತದೆ ಪೆಡಲಿನಿಂದಲೇ ದಿಕ್ಕು ಬದಲಿಸುವ ಹೈಡ್ರೋಸ್ಟ್ಯಾಟಿಕ್ ಗೇರು ಒಳ್ಳೆಯದು. ಬರಿಯ ಬ್ಲೇಡಿನಿಂದ ಹಿಮ ತಳ್ಳುತ್ತಾ ಹೋದರೆ ಫೆಬ್ರವರಿಯ ಹೊತ್ತಿಗೆ ಎರಡೂ ಬದಿಯ ರಾಶಿ ಗಟ್ಟಿಯಾಗಿ ದಾರಿಯೇ ಕಿರಿದಾಗುತ್ತದೆ. ಹಾಗಾಗಿ ದೂರಕ್ಕೆ ಎಸೆಯುವ ಬ್ಲೋವರೇ ಸರಿ. ನೆಲ ಹೆಪ್ಪುಗಟ್ಟುವ ತನಕ ಅದರ ಪಾದಗಳನ್ನು ಒಂದಿಂಚು ಎತ್ತರಕ್ಕೆ ಇಟ್ಟುಕೊಳ್ಳಿ, ಇಲ್ಲವಾದರೆ ಹಿಮದ ಜೊತೆ ಜಲ್ಲಿಯೂ ಹಾರುತ್ತದೆ.

ಇನ್ನು ಟಯರು. ಮಂಜುಗಡ್ಡೆಯ ಮೇಲೆ ಯಾವ ಟಯರೂ ಸಾಲದು, ಚೈನು ಬೇಕು, ನಾಲ್ಕೂ ಗಾಲಿಗೆ ಹಾಕಿದರೆ ಉತ್ತಮ. ಹಿಂದಿನ ಟಯರುಗಳಿಗೆ ಮುಕ್ಕಾಲು ಭಾಗ ದ್ರವ ತುಂಬಿಸಿ. ಆ ತೂಕ ತಳದಲ್ಲಿ ಕೂರುವುದರಿಂದ ಟ್ರ್ಯಾಕ್ಟರ್ ನೆಲ ಕಚ್ಚಿ ನಿಲ್ಲುತ್ತದೆ. ವರ್ಮಾಂಟಿನ ಚಳಿಗೆ ಬರಿ ನೀರು ಹೆಪ್ಪುಗಟ್ಟುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ನೀರು ಹೆಪ್ಪುಗಟ್ಟದು, ಆದರೆ ಸೋರಿದರೆ ರಿಮ್ಮಿಗೆ ತುಕ್ಕು ಹಿಡಿಯುತ್ತದೆ. ಅಲ್ಲಿ ಬೀಟ್ ರಸದಿಂದ ಮಾಡಿದ ದ್ರವ ಸಿಗುತ್ತದೆ. ತೂಕವೂ ಇದೆ, ರಿಮ್ಮಿಗೂ ಹಾನಿಯಿಲ್ಲ, ನನ್ನ ಆಯ್ಕೆ ಅದೇ. ಡೀಲರು ಡೆಮೊ ಕೊಡುತ್ತೇನೆಂದರೆ ಅಂಗಡಿಯ ಮುಂದಿನ ಡಾಂಬರಿನ ಮೇಲೆ ಬೇಡ ಎನ್ನಿ. ಗಾಡಿಯನ್ನು ಮನೆಗೆ ತರಿಸಿ, ಚೈನು ಹಾಕಿಸಿ, ನಿಮ್ಮದೇ ಜಲ್ಲಿ ದಾರಿಯಲ್ಲಿ ಇಳಿಸಿ ನಿಲ್ಲಿಸಿ ನೋಡಿ.