ಮಾಲೆ ಬಾಡದ ಸ್ವರ್ಗ ಬೇಕೆ? – ಪಂಪನ ಲಲಿತಾಂಗ ಪ್ರಸಂಗದ ಒಂದು ವಿವೇಚನೆ

ಮರಣಾನಂತರ ಕೊನೆಯಿಲ್ಲದ ಬದುಕು ದೊರೆಯಬೇಕೆಂಬ ಬಯಕೆ ಮಾನವಕುಲದಷ್ಟೇ ಹಳೆಯದು. ಈ ಬಯಕೆಗೆ ಕನ್ನಡ ನೆಲ ಕೊಟ್ಟ ಎರಡು ಉತ್ತರಗಳು ಮಂಡ್ಯ ಜಿಲ್ಲೆಯಲ್ಲಿ ಅಕ್ಕಪಕ್ಕದಲ್ಲಿಯೇ ನಿಂತಿವೆ. ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿದೆ. ಸಮೀಪದ ಮೇಲುಕೋಟೆಯಲ್ಲಿ ನೆಲೆಗೊಂಡ ಶ್ರೀವೈಷ್ಣವ ಪರಂಪರೆಯಂತೆ ಮುಕ್ತಾತ್ಮನಿಗೆ ವೈಕುಂಠದಲ್ಲಿ ಭಗವಂತನ ನಿತ್ಯ ಕೈಂಕರ್ಯ ಲಭಿಸುತ್ತದೆ, ಅಲ್ಲಿಂದ ಮರಳುವುದೆಂಬುದಿಲ್ಲ. ನೆರೆಯ ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಪಂಚಕೂಟ ಬಸದಿಯೂ ಊರಿಗೆ ಹೆಸರನ್ನಿತ್ತ ಮಾನಸ್ತಂಭವೂ ಇವೆ. ಆ ಬಸದಿಯ ಧರ್ಮವು ಹೇಳುವ ಸ್ವರ್ಗಕ್ಕಾದರೋ ಕೊನೆಯುಂಟು. ಸೇವೆಯಲ್ಲಿ ನೆಲೆಗೊಂಡ ನಿತ್ಯತೆ ಒಂದು ಕಡೆ, ಭೋಗಕ್ಕೆ ನಿತ್ಯತೆಯನ್ನು ನಿರಾಕರಿಸಿದ ಶಾಸ್ತ್ರ ಮತ್ತೊಂದು ಕಡೆ. ಎರಡನೆಯದರ ಅಂತರಾರ್ಥವನ್ನು ಕನ್ನಡದಲ್ಲಿ ಅತ್ಯಂತ ಸಮರ್ಥವಾಗಿ ತೆರೆದು ತೋರಿದ ಕೃತಿ ಪಂಪನ ಆದಿಪುರಾಣ.

ಕ್ರಿ.ಶ. 941ರ ಈ ಕಾವ್ಯವು ಜಿನಸೇನಾಚಾರ್ಯರ ಪೂರ್ವಪುರಾಣವನ್ನು ಅನುಸರಿಸಿದೆ. ವಿಮರ್ಶಕರ ಕಣ್ಣು ಸಾಮಾನ್ಯವಾಗಿ ನೀಲಾಂಜನೆಯ ನೃತ್ಯದ ಮೇಲೆ ನಿಲ್ಲುತ್ತದೆ. ಅದು ಉಚಿತವೇ. ಆದರೆ ಅಮರಲೋಕದ ಮರಣವನ್ನು ಕಾವ್ಯವು ಮೊದಲು ಕಾಣಿಸುವುದು ಅಲ್ಲಲ್ಲ, ಲಲಿತಾಂಗದೇವನ ಪ್ರಸಂಗದಲ್ಲಿ. ಅಳಕಾಪುರದ ಅರಸ ಮಹಾಬಲನು ಮಂತ್ರಿ ಸ್ವಯಂಬುದ್ಧನ ಬೋಧೆಯಿಂದ ಎಚ್ಚೆತ್ತು, ಸಲ್ಲೇಖನವ್ರತದಿಂದ ಮುಡಿಪಿ, ಈಶಾನ ಕಲ್ಪದಲ್ಲಿ ಲಲಿತಾಂಗನಾಗಿ ಹುಟ್ಟುತ್ತಾನೆ. ಅವನ ಆಯುಷ್ಯ ಸಾಗರೋಪಮದ ಅಳತೆಯದು. ದೇವಿಯರ ಆಯುಷ್ಯ ಪಲ್ಯದ ಅಳತೆಯದು. ಹೀಗಾಗಿ ಅವನ ಕಣ್ಣೆದುರೇ ಅಸಂಖ್ಯ ದೇವಿಯರು ಬಂದು ಹೋಗುತ್ತಾರೆ. ಕೊನೆಗೆ ಬಂದವಳು ಸ್ವಯಂಪ್ರಭೆ. ಅವಳಲ್ಲಿ ಅವನು ನೆಟ್ಟ ಮನವನ್ನು ಕೀಳಲಾರದವನಾಗಿರುವಾಗಲೇ, ಆರು ತಿಂಗಳ ಮುಂಚೆ, ಕೊರಳ ಮಾಲೆ ಬಾಡುತ್ತದೆ.

ಇಲ್ಲಿ ಒಂದು ಪ್ರಶ್ನೆಯನ್ನು ಹಾಕಿಕೊಳ್ಳಬೇಕು. ಆ ಮಾಲೆ ಎಂದಿಗೂ ಬಾಡದಿದ್ದರೆ ಲಲಿತಾಂಗನು ಸುಖಿಯಾಗುತ್ತಿದ್ದನೆ? ಚೆಕ್ ಲೇಖಕ ಕಾರೆಲ್ ಚಾಪೆಕ್ 1922ರಲ್ಲಿ ರಂಗಕ್ಕೆ ತಂದ ನಾಟಕದಲ್ಲಿ ಎಲಿನಾ ಮಾಕ್ರೊಪುಲೊಸ್ ಎಂಬ ಗಾಯಕಿ ಔಷಧದ ಬಲದಿಂದ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಬದುಕಿ, ಎಲ್ಲವೂ ರುಚಿಗೆಟ್ಟು ಬೇಸತ್ತು ನಿಲ್ಲುತ್ತಾಳೆ. ಇಂಗ್ಲೆಂಡಿನ ತತ್ತ್ವಜ್ಞ ಬರ್ನಾರ್ಡ್ ವಿಲಿಯಮ್ಸ್ 1973ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವಳನ್ನೇ ನಿದರ್ಶನವಾಗಿಟ್ಟುಕೊಂಡು, ಅನಂತ ಜೀವನವು ಅಸಹ್ಯ ಬೇಸರದಲ್ಲಿ ಮುಗಿಯುವುದೆಂದು ವಾದಿಸಿದರು. ಲಲಿತಾಂಗನ ರೋಗ ಇದಕ್ಕೆ ವಿರುದ್ಧವಾದುದು. ಸಾಗರೋಪಮ ಕಾಲ ಕಳೆದರೂ ಅವನಿಗೆ ಬೇಸರ ಬಂದಿಲ್ಲ, ಇನ್ನಷ್ಟು ಬೇಕೆನಿಸುತ್ತದೆ. ಬೇಸರವು ಬಿಡುಗಡೆಗೆ ಕಾರಣವಾದರೂ ಆದೀತು. ತೃಪ್ತಿಯಿಲ್ಲದ ಬಯಕೆಗೆ ಹೆಚ್ಚಿನ ಕಾಲಾವಕಾಶ ಕೊಟ್ಟರೆ ಬಯಕೆಯ ಆಯುಷ್ಯ ಹೆಚ್ಚುವುದೇ ಹೊರತು ಸುಖ ಹೆಚ್ಚದು.

ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ಸ್ವರ್ಗವೆಂಬುದು ಜಮೆಯಿಲ್ಲದ ಖರ್ಚಿನ ಖಾತೆ. ದೇವಗತಿಯಲ್ಲಿ ಸಮ್ಯಕ್ತ್ವ ಸಾಧ್ಯ, ಜಿನಪೂಜೆ ಸಾಧ್ಯ, ವ್ರತಸಂಯಮ ಸಾಧ್ಯವಿಲ್ಲ. ನಾಲ್ಕನೆಯ ಗುಣಸ್ಥಾನವನ್ನು ದೇವನು ದಾಟಲಾರ. ಮನುಷ್ಯ ಜನ್ಮದಲ್ಲಿ ಕೂಡಿಟ್ಟ ಪುಣ್ಯದ ಅಸಲು ಅಲ್ಲಿ ದಿನೇ ದಿನೇ ಕರಗುತ್ತದೆ. ಅಂತಹ ಖಾತೆ ಶಾಶ್ವತವಾಗಿ ನಡೆಯುವುದು ಲೆಕ್ಕಕ್ಕೆ ಒಗ್ಗದ ಮಾತು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಮಾಲೆ ಬಾಡದಿದ್ದರೆ ಲಲಿತಾಂಗನು ಲಲಿತಾಂಗನಾಗಿಯೇ ಉಳಿಯುತ್ತಿದ್ದ. ವಜ್ರಜಂಘನಾಗುತ್ತಿರಲಿಲ್ಲ, ಕೊನೆಗೆ ಆದಿನಾಥನೂ ಆಗುತ್ತಿರಲಿಲ್ಲ. ಅವನ ಸ್ವರ್ಗ ನಿತ್ಯವಾಗಿದ್ದರೆ ಲೋಕಕ್ಕೆ ಪ್ರಥಮ ತೀರ್ಥಂಕರನ ನಷ್ಟ!

ಹಾಗಾದರೆ ಜೈನಧರ್ಮವು ಅನಂತ ಜೀವನವನ್ನೇ ಅಲ್ಲಗಳೆಯುತ್ತದೆಯೆ? ಇಲ್ಲ. ಸಿದ್ಧಾತ್ಮನು ನಾಶವಾಗುವುದಿಲ್ಲ, ಮತ್ತೊಂದರಲ್ಲಿ ಲೀನವಾಗುವುದೂ ಇಲ್ಲ. ಅನಂತ ಜ್ಞಾನ, ದರ್ಶನ, ಸುಖ, ವೀರ್ಯಗಳೊಡನೆ ತಾನಾಗಿಯೇ ಉಳಿಯುತ್ತಾನೆ. ಅನಂತ ಕಾಲಕ್ಕೆ ಯೋಗ್ಯನಾಗುವವನು ಬಯಕೆಯನ್ನು ಕಳೆದುಕೊಂಡವನು ಮಾತ್ರ ಎಂಬುದೇ ಇಲ್ಲಿಯ ನಿಯಮ. ತತ್ತ್ವಾರ್ಥಸೂತ್ರದ ನಾಲ್ಕನೆಯ ಅಧ್ಯಾಯ ಇದರ ಮೆಟ್ಟಿಲುಗಳನ್ನು ತೋರಿಸಿದೆ. ಮೇಲಣ ಸ್ವರ್ಗಗಳಿಗೆ ಏರಿದಂತೆ ಆಯುಷ್ಯವೂ ಸುಖವೂ ಹೆಚ್ಚುತ್ತವೆ. ದೇಹದ ಅಳತೆ, ಪರಿಗ್ರಹ, ಅಭಿಮಾನಗಳು ಕಡಮೆಯಾಗುತ್ತವೆ. ಸಂಗ್ರಹ ಇಳಿದಷ್ಟೂ ಸುಖ ಏರುತ್ತದೆಂಬ ಈ ಲೆಕ್ಕ ಅಂಗಡಿಯ ಲೆಕ್ಕಕ್ಕೆ ಪೂರ್ಣ ವಿಪರೀತ!

ಕಾವ್ಯದಲ್ಲಿ ಒಂದು ಕೊರತೆಯನ್ನು ಎತ್ತಿ ತೋರಿಸಬಹುದು. ಬಾಡುವ ಸ್ವರ್ಗವನ್ನು ಬಣ್ಣಿಸುವಾಗ ಪಂಪನ ವಾಣಿಗಿರುವ ಹೊಳಪು ಬಾಡದ ಮುಕ್ತಿಯನ್ನು ಹೇಳುವಾಗ ಇಲ್ಲ. ಓದುಗನ ಮನಸ್ಸು ಸಿದ್ಧಶಿಲೆಯತ್ತ ಏರುವ ಬದಲು ಸ್ವಯಂಪ್ರಭೆಯ ಬಳಿಯಲ್ಲಿಯೇ ಉಳಿದುಬಿಡುವ ಅಪಾಯವಿದೆ. ರಸಕ್ಕೆ ಬಯಕೆಯ ಆಸರೆ ಬೇಕಾದುದರಿಂದ ಇದು ಕವಿಯ ಸೋಲೆನ್ನುವುದಕ್ಕಿಂತ ಕಾವ್ಯಮಾಧ್ಯಮದ ಎಲ್ಲೆಯೆನ್ನುವುದು ಯುಕ್ತ.

ಇದಕ್ಕಿಂತ ಗಂಭೀರವಾದ ಆಕ್ಷೇಪವೊಂದುಂಟು. ಮಗುವನ್ನೋ ಪತಿಯನ್ನೋ ಕಳೆದುಕೊಂಡವರು ಸ್ವರ್ಗವನ್ನು ಬೇಡುವುದು ಭೋಗಕ್ಕಾಗಿ ಅಲ್ಲ, ಅಗಲಿದವರನ್ನು ಮತ್ತೆ ಕಾಣುವುದಕ್ಕಾಗಿ. ಆ ಮನೆಯಲ್ಲಿ ಕುಳಿತು ಗುಣಸ್ಥಾನಗಳ ಲೆಕ್ಕ ಹೇಳುವುದು ಕರುಣೆಯಲ್ಲ. ಪಂಪನು ಈ ದುಃಖವನ್ನು ಬಲ್ಲವನು. ಅಗಲಿದವರನ್ನು ಅವನು ಮತ್ತೆ ಕೂಡಿಸುತ್ತಾನೆ. ಸ್ವಯಂಪ್ರಭೆ ಶ್ರೀಮತಿಯಾಗಿ ಹುಟ್ಟಿ, ಪೂರ್ವಭವವನ್ನು ನೆನೆದು, ಚಿತ್ರಪಟದ ಮೂಲಕ ವಜ್ರಜಂಘನನ್ನು ಪಡೆಯುತ್ತಾಳೆ. ಬಯಸಿದ ಪುನರ್ಮಿಲನ ಕೈಗೂಡಿತು. ಆದರೆ ಶಯ್ಯಾಗೃಹದ ಧೂಪದ ಹೊಗೆಯಲ್ಲಿ ಉಸಿರುಗಟ್ಟಿ ಇಬ್ಬರೂ ಒಟ್ಟಿಗೆ ಮಡಿಯುತ್ತಾರೆ. ಒಂದು ಕೂಡುವಿಕೆ ಮತ್ತೊಂದು ಅಗಲಿಕೆಯನ್ನು ತಪ್ಪಿಸಲಾರದು.

ಆದರೂ ಆ ಸ್ನೇಹ ವ್ಯರ್ಥವಾಗಲಿಲ್ಲ. ಹಲವು ಭವಗಳ ಬಳಿಕ ಶ್ರೀಮತಿಯ ಜೀವವೇ ಹಸ್ತಿನಾಪುರದ ಶ್ರೇಯಾಂಸನಾಗುತ್ತದೆ. ಆಹಾರವಿಧಿಯನ್ನರಿಯದ ಜನ ಆದಿಮುನಿಗೆ ರತ್ನ, ವಾಹನಗಳನ್ನು ಒಡ್ಡುತ್ತಿರುವಾಗ, ಹಿಂದೆ ವಜ್ರಜಂಘನೊಡನೆ ಚಾರಣಮುನಿಗಳಿಗೆ ಇತ್ತ ಆಹಾರದಾನವನ್ನು ಶ್ರೇಯಾಂಸನು ನೆನೆದು ಕಬ್ಬಿನ ರಸವನ್ನು ನೀಡುತ್ತಾನೆ. ಆ ದಿನವೇ ಅಕ್ಷಯತೃತೀಯ. ಪತ್ನಿಯಾಗಿ ಹಿಡಿದಿಟ್ಟುಕೊಳ್ಳಲು ಬಯಸಿದ ಜೀವವು ದಾತೃವಾಗಿ ಕೈಚಾಚಿದಾಗ ಕ್ಷಯವಿಲ್ಲದುದೊಂದು ಸಂಭವಿಸಿತು.

ಕಂಬದಹಳ್ಳಿಗೆ ದೂರವಲ್ಲದ ಶ್ರವಣಬೆಳಗೊಳದ ನಿಷಿಧಿ ಶಾಸನಗಳಲ್ಲಿ ಹಲವು, ವ್ರತದಿಂದ ಮುಡಿಪಿದವರು ಸುರಲೋಕಕ್ಕೆ ಸಂದರೆಂದು ಹೇಳುತ್ತವೆ. ಈ ಪಂಚಮಕಾಲದಲ್ಲಿ ಭರತಕ್ಷೇತ್ರದಿಂದ ನೇರ ಮೋಕ್ಷವಿಲ್ಲವೆಂಬುದನ್ನು ಬಲ್ಲವರಿಗೆ ಆ ಲೋಕವು ದಾರಿಯ ತಂಗುದಾಣ. ಇಂದು ಅಗಲಿದವರ ಹೆಸರಿನಲ್ಲಿ ಶಾಶ್ವತ ಪೂಜೆಗೆ ನಿಧಿಯಿಡುವ ಕುಟುಂಬಗಳೂ, ಅದನ್ನು ಸ್ವೀಕರಿಸುವ ಬಸದಿಯ ಆಡಳಿತ ಮಂಡಳಿಗಳೂ ಆದಿಪುರಾಣದ ಈ ಭಾಗವನ್ನು ಮನೆಮಂದಿಯೊಡನೆ ಓದುವುದು ಒಳಿತು. ಅಗಲಿದವರಿಗೆ ಬಾಡದ ಮಾಲೆಯನ್ನು ಯಾರೂ ತೊಡಿಸಲಾರರು. ಅವರ ಮೇಲಣ ಪ್ರೀತಿಯನ್ನು ಹಸಿದವನ ಅನ್ನವಾಗಿ, ರೋಗಿಯ ಔಷಧವಾಗಿ, ಬಡ ವಿದ್ಯಾರ್ಥಿಯ ಪುಸ್ತಕವಾಗಿ ಮುಂದುವರಿಸುವ ಅಧಿಕಾರವಾದರೋ ಮನುಷ್ಯ ಜನ್ಮ ಪಡೆದ ಎಲ್ಲರಿಗೂ ಇದೆ.