ಮುಳ್ಳಿನ ಮೀಟರ್‌ನ ಒಡಲು

ಅನಲಾಗ್ ಮಲ್ಟಿಮೀಟರ್ ಎಂದರೆ ಒಂದೇ ಒಂದು ಸೂಕ್ಷ್ಮ ಮೀಟರ್. ಉಳಿದದ್ದು ಅದರ ಸುತ್ತ ಕಟ್ಟಿದ ರೋಧಕಗಳ ಸಂಸಾರ. ನಾಬ್ ವೋಲ್ಟಿನಲ್ಲಿರಲಿ, ಓಮ್‌ನಲ್ಲಿರಲಿ, ಮುಳ್ಳಿಗೆ ಗೊತ್ತಾಗುವುದು ತನ್ನ ಸುರುಳಿಯಲ್ಲಿ ಹರಿಯುವ ಕರೆಂಟ್ ಮಾತ್ರ. ಟೆಲಿಫೋನ್ ಲೈನುಗಳ ರಿಪೇರಿಗೆ ಬೇರೆ ಬೇರೆ ಮೀಟರ್ ಹೊತ್ತು ತಿರುಗಿ ಬೇಸತ್ತ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ, ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಇಳಿಸಿದ. 1923ರಲ್ಲಿ ಮಾರಾಟಕ್ಕೆ ಬಂದ ಆ ಪೆಟ್ಟಿಗೆಯ ಹೆಸರು ಆವೊಮೀಟರ್: ಆಂಪಿಯರ್, ವೋಲ್ಟ್, ಓಮ್ ಮೂರೂ ಆ ಹೆಸರಿನಲ್ಲಿವೆ. ಅದರ ತಯಾರಿಕೆ ನಿಂತದ್ದು 2008ರಲ್ಲಿ.

ಕೈಚಳಕವೆಲ್ಲ ಇರುವುದು ಸುರುಳಿಯ ಗೂಡಿನಲ್ಲಿ. ಶಾಶ್ವತ ಅಯಸ್ಕಾಂತದ ಎರಡು ತುದಿಗಳನ್ನು ಬಿಲ್ಲಿನಂತೆ ಕೊರೆದು, ನಡುವೆ ಮೆದುಕಬ್ಬಿಣದ ಗುಂಡು ತುಂಡನ್ನು ನಿಲ್ಲಿಸಿರುತ್ತಾರೆ. ಸುತ್ತ ಉಳಿಯುವ ಸಣ್ಣ ಸಂದಿಯಲ್ಲಿ ಕಾಂತಬಲ ಎಲ್ಲ ಕಡೆಯೂ ಒಂದೇ ಸಮ. ಹಾಗಾಗಿಯೇ ಡಿ.ಸಿ. ಸ್ಕೇಲಿನ ಗೆರೆಗಳ ನಡುವೆ ಸಮಾನ ಅಂತರ. ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿ ಸುತ್ತಿದ ಹಗುರ ಚೌಕಟ್ಟು ಆ ಸಂದಿಯಲ್ಲೇ ತಿರುಗಬೇಕು. ಅದರ ಮೊನೆಗಳು ಕೈಗಡಿಯಾರದಲ್ಲಿರುವಂತೆ ಕಲ್ಲಿನ ಗುಳಿಗಳ ಮೇಲೆ ಕೂತಿರುತ್ತವೆ. ಮೇಲೊಂದು ಕೆಳಗೊಂದು ಇರುವ ಕಂಚಿನ ಸ್ಪ್ರಿಂಗುಗಳಿಗೆ ಎರಡು ಕೆಲಸ: ಕರೆಂಟನ್ನು ಸುರುಳಿಗೆ ಮುಟ್ಟಿಸುವುದು, ಕರೆಂಟ್ ನಿಂತಾಗ ಮುಳ್ಳನ್ನು ಸೊನ್ನೆಗೆ ಮರಳಿಸುವುದು. ಚೌಕಟ್ಟು ಅಲ್ಯುಮಿನಿಯಮ್‌ನದಾಗಿದ್ದರೆ ತಿರುಗುವಾಗ ಅದರೊಳಗೇ ಹುಟ್ಟುವ ಸುಳಿಪ್ರವಾಹ ಓಲಾಟಕ್ಕೆ ಕಡಿವಾಣ ಹಾಕುತ್ತದೆ. ಮುಳ್ಳಿನ ಬಾಲಕ್ಕೆ ಅಂಟಿಸಿದ ಪುಟ್ಟ ತೂಕಗಳು ತಕ್ಕಡಿಯಂತೆ ಸಮತೋಲ ಕಾಯುತ್ತವೆ. 1880ರ ದಶಕದಲ್ಲಿ ದಾರ್ಸೊನ್ವಾಲ್ ರೂಪಿಸಿ ವೆಸ್ಟನ್ ಒರಟು ಕೆಲಸಕ್ಕೂ ಒಗ್ಗಿಸಿದ ಈ ರಚನೆ ಮುಂದೆ ಹೆಚ್ಚೇನೂ ಬದಲಾಗಲಿಲ್ಲ.

ಒಳ್ಳೆಯ ಮೀಟರ್‌ನಲ್ಲಿ 50 ಮೈಕ್ರೊಆಂಪಿಯರ್ ಹರಿದರೆ ಮುಳ್ಳು ಕೊನೆ ಮುಟ್ಟುತ್ತದೆ. ಸುರುಳಿಯ ರೋಧ 2,000 ಓಮ್ ಎಂದಿಟ್ಟುಕೊಂಡರೆ ಅದಕ್ಕೆ ಬೇಕಾದ ವೋಲ್ಟೇಜ್ ಬರೀ 0.1. ಹತ್ತು ವೋಲ್ಟ್ ಅಳೆಯಲು ಒಟ್ಟು ರೋಧ 2 ಲಕ್ಷ ಓಮ್ ಆಗಬೇಕು, ಅಂದರೆ ಸುರುಳಿಯ ಸಾಲಿಗೆ 1,98,000 ಓಮ್ ಸೇರಬೇಕು. ವೋಲ್ಟಿಗೆ 20,000 ಓಮ್ ಎಂದು ಡಯಲ್ಲಿನ ಮೂಲೆಯಲ್ಲಿ ಅಚ್ಚಾಗಿರುವುದು ಈ ಲೆಕ್ಕವೇ. ಮೀಟರ್ ಕೊಳ್ಳುವವರು ಮೊದಲು ನೋಡಬೇಕಾದ ಸಂಖ್ಯೆಯೂ ಅದೇ. ಒಂದೊಂದು ಲಕ್ಷ ಓಮ್‌ನ ಎರಡು ರೋಧಕಗಳನ್ನು ಸಾಲಾಗಿಟ್ಟು 10 ವೋಲ್ಟ್ ಕೊಟ್ಟರೆ ಒಂದರ ಮೇಲೆ 5 ವೋಲ್ಟ್ ಇರಬೇಕು. ಈ ಮೀಟರ್ 10 ವೋಲ್ಟಿನ ರೇಂಜಿನಲ್ಲಿ 4 ಎನ್ನುತ್ತದೆ. ಸುಳ್ಳಲ್ಲ, ತಾನೂ ಸ್ವಲ್ಪ ಕರೆಂಟ್ ಕುಡಿದು ಸರ್ಕೀಟನ್ನೇ ತಗ್ಗಿಸಿರುತ್ತದೆ.

ಆಂಪಿಯರ್ ಅಳೆಯುವಾಗ ರೋಧಕ ಸಾಲಿನಲ್ಲಿರದೆ ಪಕ್ಕದಲ್ಲಿರುತ್ತದೆ. 100 ಮಿಲಿಆಂಪಿಯರ್‌ಗೆ ಸುಮಾರು ಒಂದು ಓಮ್‌ನ ಷಂಟ್ ಸಾಕು, ಹೆಚ್ಚುಪಾಲು ಅದರಲ್ಲೇ ಹರಿದುಹೋಗುತ್ತದೆ. ನಾಬನ್ನು ಆಂಪಿಯರ್‌ನಲ್ಲಿ ಮರೆತು ಪ್ಲಗ್ಗಿಗೆ ಕಡ್ಡಿ ಚುಚ್ಚಿದರೆ ಫ್ಯೂಸ್ ಹಾರುತ್ತದೆ, ಕೆಲವೊಮ್ಮೆ ಷಂಟ್ ಕೂಡ.

ಓಮ್ ಸ್ಕೇಲ್ ಮಾತ್ರ ಉಲ್ಟಾ: ಸೊನ್ನೆ ಬಲಕ್ಕೆ, ಅನಂತ ಎಡಕ್ಕೆ. ಇಲ್ಲಿ ಕರೆಂಟ್ ಒಳಗಿನ ಸೆಲ್ಲಿನದು. ಒಂದೂವರೆ ವೋಲ್ಟಿನ ಸೆಲ್ ಇದ್ದು ಒಳಗಿನ ಒಟ್ಟು ರೋಧ 30,000 ಓಮ್ ಆಗಿದ್ದರೆ, ಹೊರಗೂ ಅಷ್ಟೇ ರೋಧ ಸಿಕ್ಕಾಗ ಕರೆಂಟ್ ಅರ್ಧವಾಗಿ ಮುಳ್ಳು ನಟ್ಟನಡುವೆ ನಿಲ್ಲುತ್ತದೆ. ಕಾಲುಭಾಗಕ್ಕೆ ಇಳಿಯಬೇಕಾದರೆ 90,000 ಬೇಕು. ಎಡಕ್ಕೆ ಹೋದಂತೆ ಅಂಕಿಗಳು ಸಂತೆಯಲ್ಲಿ ನಿಂತವರಂತೆ ಒತ್ತೊತ್ತಾಗುವುದು ಹೀಗೆ. ಎರಡೂ ಕಡ್ಡಿ ಮುಟ್ಟಿಸಿ ಸೊನ್ನೆಗೆ ಹೊಂದಿಸುವ ಪುಟ್ಟ ಗುಬ್ಬಿ ಇರುತ್ತದೆ; ಎಷ್ಟು ತಿರುಗಿಸಿದರೂ ಮುಳ್ಳು ಸೊನ್ನೆ ಮುಟ್ಟದಿದ್ದರೆ ಸೆಲ್ ಮುಗಿದಿದೆ ಎಂದರ್ಥ. ಹೊಸಬರನ್ನು ಬೇಸ್ತು ಬೀಳಿಸುವ ಸಂಗತಿ ಇನ್ನೊಂದು: ಬಹುತೇಕ ಮುಳ್ಳಿನ ಮೀಟರ್‌ಗಳಲ್ಲಿ ಓಮ್ ರೇಂಜಿಗೆ ಬಂದಾಗ ಸೆಲ್ಲಿನ ಧನ ತುದಿ ಸಿಗುವುದು ಕಪ್ಪು ಕಡ್ಡಿಯಲ್ಲಿ. ಡಿಜಿಟಲ್ ಅಭ್ಯಾಸದಲ್ಲಿ ಡಯೋಡ್ ನೋಡುವವರಿಗೆ ಒಳ್ಳೆಯದೂ ತಿರುವುಮುರುವಾಗಿ ಕಾಣುತ್ತದೆ.

ಎ.ಸಿ.ಗೆ ಸುರುಳಿ ನೇರವಾಗಿ ಒಗ್ಗದು, ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ಎಳೆದರೆ ನಿಂತಲ್ಲೇ ನಡುಗುತ್ತದೆ. ಮೊದಲು ಡಯೋಡ್ ಅದನ್ನು ಒಮ್ಮುಖ ಮಾಡಬೇಕು. ಮುಳ್ಳು ತೋರುವುದು ಸರಾಸರಿ. ಸ್ಕೇಲ್ ಬರೆದಿರುವುದು ಅದನ್ನು ಸೈನ್ ಅಲೆಗೆ ತಕ್ಕಂತೆ 1.11 ಪಟ್ಟು ಮಾಡಿ. ಅಲೆಯ ಆಕಾರ ಕೆಟ್ಟರೆ ಓದೂ ಕೆಡುತ್ತದೆ.

ಏರಿಳಿತ ಕಾಣಿಸುವುದರಲ್ಲಿ ಮಾತ್ರ ಮುಳ್ಳಿಗೆ ಸಾಟಿಯಿಲ್ಲ. ದಾಂಡೇಲಿ ಬಳಿಯ ಕೋಗಿಲಬನದಂಥ ಊರಿನಲ್ಲಿ ತೋಟದ ಪಂಪ್ ಚಾಲೂ ಆದ ಕ್ಷಣ ಲೈನ್ ಎಷ್ಟು ಕುಸಿದು ಎಷ್ಟು ನಿಧಾನ ಚೇತರಿಸಿತೆಂಬುದನ್ನು ಮುಳ್ಳು ಒಂದೇ ಓಟದಲ್ಲಿ ತೋರಿಸುತ್ತದೆ; ಡಿಜಿಟಲ್ ಅಂಕಿಗಳು ಅಷ್ಟರಲ್ಲಿ ಕುಣಿದು ಸುಮ್ಮನಾಗಿರುತ್ತವೆ. ಓದುವಾಗ ಮುಳ್ಳು ಡಯಲ್ಲಿನ ಕನ್ನಡಿಪಟ್ಟಿಯಲ್ಲಿರುವ ತನ್ನ ಬಿಂಬವನ್ನು ಮರೆಸಬೇಕು. ಆಗ ಕಣ್ಣು ನೆಟ್ಟಗಿದೆ ಎಂದು ತಿಳಿಯಬಹುದು.

ಮಳೆಗಾಲದುದ್ದಕ್ಕೂ ಮೀಟರ್ ಮೂಲೆಯಲ್ಲಿರುವುದಾದರೆ ಸೆಲ್ ತೆಗೆದಿಡುವುದು ಒಳ್ಳೆಯದು. ಸೋರಿದರೆ ಹಿತ್ತಾಳೆ ಹಿಡಿಗಳನ್ನು ತಿಂದುಹಾಕುತ್ತದೆ. ಅಣಶಿ ಘಟ್ಟದ ತಿರುವುಗಳಲ್ಲಿ ಬೈಕಿನ ಮೇಲೆ ಒಯ್ಯುವಾಗ ನಾಬ್ ಆಫ್‌ನಲ್ಲಿರಬೇಕು. ಹಲವು ಮೀಟರ್‌ಗಳಲ್ಲಿ ಆ ಸ್ಥಾನ ಸುರುಳಿಯ ಎರಡು ತುದಿಗಳನ್ನು ಕೂಡಿಸಿಬಿಡುತ್ತದೆ. ರಸ್ತೆಯ ಕುಲುಕಿಗೆ ಸುರುಳಿ ಅಲುಗಿದರೆ ಅಯಸ್ಕಾಂತದ ನಡುವೆ ತಾನೇ ಕರೆಂಟ್ ಹುಟ್ಟಿಸಿಕೊಂಡು, ಆ ಕರೆಂಟಿನಿಂದಲೇ ತನ್ನನ್ನು ತಡೆದುಕೊಳ್ಳುತ್ತದೆ.